ಕರೆಂಟು ಕೊಡಿಸುವ ವಾರಗಳು



ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಮನೆ ತುಂಬ ಜನ ಬರುತ್ತಾರೆ. ಹಣ್ಣು, ಹಾರ್ಲಿಕ್ಸ್, ಕೊನೆಗೆ ಒಂದು ಮಾತು: "ಧೈರ್ಯವಾಗಿರಿ, ಮನಸ್ಸು ಗಟ್ಟಿಯಿದ್ದರೆ ಅರ್ಧ ರೋಗ ವಾಸಿ." ಹೇಳುವವರ ಮನಸ್ಸೇನೋ ಒಳ್ಳೆಯದೇ. ಆದರೆ ಕೇಳಿಸಿಕೊಂಡವರು ರಾತ್ರಿ ದುಃಖ ಒತ್ತರಿಸಿ ಬಂದಾಗ, ಅತ್ತರೆ ರೋಗ ಹೆಚ್ಚಾಗುತ್ತದೇನೋ ಎಂದು ಹೆದರಿ ಅಳುವನ್ನೂ ನುಂಗಿಕೊಳ್ಳುತ್ತಾರೆ.

ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗೆಂದೇ ಒಂದು ವಿಭಾಗ ಕಟ್ಟಿದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಇದನ್ನು 'ಸದಾ ಆಶಾವಾದಿಯಾಗಿರು' ಎನ್ನುವ ದಬ್ಬಾಳಿಕೆ ಎಂದೇ ಕರೆದರು. ಹೆದರಿಕೆ, ಸಿಟ್ಟು, ಅಳು ಎಲ್ಲ ಸಹಜ. ಅತ್ತ ಮಾತ್ರಕ್ಕೆ ಗೆಡ್ಡೆ ಬೆಳೆಯುವುದಿಲ್ಲ. ಇಷ್ಟನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಎಷ್ಟೋ ಜನರ ಎದೆ ಹಗುರಾಗುತ್ತದೆ.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕಡೆ ಒಂದು ಬೆಳಿಗ್ಗೆ ನಿಂತು ನೋಡಬೇಕು. ನಮ್ಮ ಜನ 'ಕರೆಂಟು ಕೊಡೋದು' ಅನ್ನುವ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಎಷ್ಟೋ ಜನರಿಗೆ ಐದಾರು ವಾರ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಉಳಿದ ಇಪ್ಪತ್ಮೂರು ಗಂಟೆಗೆ ಬೀದರಿನಿಂದಲೋ ರಾಯಚೂರಿನಿಂದಲೋ ಬಂದವರು ಎಲ್ಲಿರಬೇಕು, ಏನು ತಿನ್ನಬೇಕು, ಊರಲ್ಲಿ ಎಮ್ಮೆಗೆ ಹುಲ್ಲು ಹಾಕುವವರು ಯಾರು? ಇಂಥವರಿಗೆ ಧರ್ಮಶಾಲೆಯ ಒಂದು ಚಾಪೆ ಯಾವ ಭಾಷಣಕ್ಕಿಂತಲೂ ದೊಡ್ಡದು. ಅಲ್ಲಿ ಮೂರನೇ ವಾರದವರು ಮೊದಲನೇ ವಾರದವರಿಗೆ ಹೇಳಿಕೊಡುತ್ತಾರೆ: ಮೈಮೇಲೆ ಎಳೆದ ಗುರುತಿನ ಗೆರೆ ತಿಕ್ಕಬೇಡವ್ವ, ಬಾಯಿ ಹುಣ್ಣಾದರೆ ಖಾರ ಬಿಡು, ಗಂಜಿ ಆರಿಸಿಕೊಂಡು ಕುಡಿ.

ಅನುಭವಿಸಿದವರ ಮಾತಿಗೆ ಬೇರೆಯೇ ತೂಕ. 1952ರಲ್ಲಿ ನ್ಯೂಯಾರ್ಕಿನಲ್ಲಿ ಟೆರೀಸ್ ಲ್ಯಾಸರ್ ಎಂಬಾಕೆಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಯಿತು. ತೋಳು ಎತ್ತುವುದು ಹೇಗೆ, ಯಾವ ಬಟ್ಟೆ ತೊಡುವುದು, ಇಂಥವಕ್ಕೆ ಉತ್ತರ ಸಿಗದೆ ತಾನೇ ಹುಡುಕಿಕೊಂಡು, ಬೇರೆ ಹೆಂಗಸರ ಹಾಸಿಗೆಯ ಬಳಿಗೆ ಹೋಗಿ ಹೇಳಿಕೊಡತೊಡಗಿದಳು. ಕೆಲವು ವೈದ್ಯರಿಗೆ ಇದು ಹಿಡಿಸಲಿಲ್ಲ. ಆಕೆ ನಿಲ್ಲಿಸಲೂ ಇಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಆ ಕೆಲಸವನ್ನು ತನ್ನದಾಗಿ ಮಾಡಿಕೊಂಡಿತು.

ನೆರೆಹೊರೆಯವರಾದ ನಮಗೂ ಕೆಲಸವಿದೆ. ಕೀಮೋ ಆಗಿ ಒಂದೆರಡು ವಾರದಲ್ಲಿ ರಕ್ತದ ಬಿಳಿಕಣ ಇಳಿದಿರುತ್ತದೆ. ನೆಗಡಿ, ಕೆಮ್ಮು ಇದ್ದವರು ಆಗ ನೋಡಲು ಹೋಗದಿರುವುದೇ ಉಪಕಾರ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆಗಲೇ ಆಸ್ಪತ್ರೆಗೆ ಹೊರಡಬೇಕು. "ಅಕ್ಕಾ, ಎಷ್ಟು ಹೊತ್ತಾದರೂ ಫೋನ್ ಮಾಡಿ, ಗಾಡಿ ತೆಗೀತೀನಿ" ಅನ್ನುವವನೊಬ್ಬ ಬೀದಿಯಲ್ಲಿದ್ದರೆ ಸಾಕು. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುವ ದಿನಗಳಿರುತ್ತವೆ. ಅಡುಗೆ ಪಕ್ಕದ ಮನೆಯಲ್ಲಾಗಿ ಡಬ್ಬಿಯಲ್ಲಿ ಬಂದರೆ ಹೆಂಗಸೂ ಉಳಿದಳು, ಗಂಡಮಕ್ಕಳೂ ಉಂಡರು. (ಗಂಡ ಅಡುಗೆ ಕಲಿತರೆ ಬೇಡ ಅಂದವರಾರು!)

ಇನ್ನೊಂದು ವಿಷಯ ನಮ್ಮ ಗಮನಕ್ಕೆ ಬರುವುದು ಕಡಿಮೆ. ಕೊನೆಯ ಕರೆಂಟಿನ ದಿನ ಎಲ್ಲರೂ "ಅಂತೂ ಮುಗೀತಲ್ಲ" ಅನ್ನುತ್ತಾರೆ. ಬರುವವರು ನಿಲ್ಲುತ್ತಾರೆ, ದಿನಾ ಕಾಣುತ್ತಿದ್ದ ಡಾಕ್ಟರು, ಸಿಸ್ಟರು ಈಗ ಸಿಗುವುದಿಲ್ಲ. ಎಷ್ಟೋ ಜನರಿಗೆ ಭಯ ಹಿಡಿಯುವುದು ಆಗಲೇ. ಸಣ್ಣ ಬೆನ್ನುನೋವು ಬಂದರೂ, ತಿರುಗಿ ಬಂತೇ? ತಪಾಸಣೆಯ ತಾರೀಕು ಹತ್ತಿರ ಬಂದಂತೆ ನಿದ್ದೆ ಹಾರಿಹೋಗುತ್ತದೆ. ತಪಾಸಣೆಯ ಹಿಂದಿನ ದಿನ ಸಂಜೆ ಸುಮ್ಮನೆ ಕಾಫಿಗೆಂದು ಹೋಗಬಹುದು. ಕಾಯಿಲೆಯ ಮಾತು ಅವರಾಗಿ ತೆಗೆದರೆ ಪೂರ್ತಿ ಕೇಳಿ. ತೆಗೆಯದಿದ್ದರೆ ಮಗಳ ಪರೀಕ್ಷೆ, ಈ ಸಲದ ಮಳೆ, ಟೊಮೇಟೊ ರೇಟು, ಮಾತಿಗೇನು ಬರವೇ?