ಉದ್ಯಾನ ಕಾಯುವವರು ಯಾರು?

(ಆನವಟ್ಟಿಯಲ್ಲಿ ಮಾಡಿದ ಭಾಷಣ)

ಗಿರಣಿಯಲ್ಲಿ ದಿನವಿಡೀ ನಿಂತವನಿಗೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೂ ಸಂಜೆ ಕಾಸಿಲ್ಲದೆ ಕೂರಲು ಜಾಗ ಬೇಕು. ಇಲ್ಲೇ ಕೋಟಿಪುರದ ಕೈಟಭೇಶ್ವರ ಗುಡಿಯನ್ನು ಪುರಾತತ್ವ ಇಲಾಖೆ ಕಾಯುತ್ತದೆ. ಊರಿನ ಉದ್ಯಾನವನ್ನು ಕಾಯುವವರು ಯಾರು? ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಬಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಕೋರ್ಟಿನ ಮೆಟ್ಟಿಲೇರಿದವರು ಅಧಿಕಾರಿಗಳಲ್ಲ, ಆ ಬಡಾವಣೆಯ ನಿವಾಸಿಗಳು. ಕೊಡಿರೆಂದು ಮುಖ್ಯಮಂತ್ರಿಯ ಅಪ್ಪಣೆಯೇ ಆಗಿತ್ತು! 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ನಿಲ್ಲದೆಂದಿತು.

ಪಟ್ಟಣಗಳ ಆಡಳಿತವು ಉದ್ಯಾನ, ಆಟದ ಮೈದಾನಗಳ ಪಟ್ಟಿ ಮಾಡತಕ್ಕದ್ದೆಂದು 1985ರ ಕಾಯಿದೆ ಹೇಳುತ್ತದೆ. ಮಾಲಿ, ನೀರು, ದೀಪಗಳ ಮಾತು ಆಮೇಲಿನದು. ಪಟ್ಟಿಯಲ್ಲೇ ಇಲ್ಲದ ಜಾಗದ ಮಾಲಿಗೆ ಸಂಬಳ ಎಲ್ಲಿಂದ ಬಂದೀತು? ನಾವು ಗುಂಪಾಗಿ ಕಚೇರಿಗೆ ಹೋಗಿ, ಪಟ್ಟಿ ತೋರಿಸಿರೆಂದು ಕೇಳೋಣ.