ಮುಖಕ್ಕೆ ಹಚ್ಚುವ ಹಾಲನ್ನೂ ಕಾಯಿಸಿ
(ಘಾಟಬೋರಾಳದಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ಕಳೆದ ಸಲ ಈ ಊರಿಗೆ ಬಂದಾಗ ನಾನು ಕೆಚ್ಚಲು ಬಾವಿನ ಬಗ್ಗೆ ಮಾತನಾಡಿದ್ದೆ. ಪ್ರಶ್ನೆಗಳಿದ್ದರೆ ಕೇಳಿರೆಂದಾಗ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ಸಾಹೇಬ್ರ, ಹಸಿ ಹಾಲಿನಾಗ ಕಡ್ಲಿ ಹಿಟ್ಟು ಕಲಸಿ ಮಾರಿಗಿ ಹಚ್ಚಿದ್ರ ಛಲೋ ಏನ್ರಿ?" ಎಂದು ಕೇಳಿದಳು. ಗಂಡಸರು ನಕ್ಕರು. ನಾನೂ ನಕ್ಕು, "ನಾನು ದನದ ಡಾಕ್ಟರ್ ತಾಯಿ, ಮಾರಿ ಡಾಕ್ಟರ್ ಅಲ್ಲ" ಎಂದು ಹೇಳಿ ಜೀಪು ಹತ್ತಿದೆ. ಹುಮನಾಬಾದ ಮುಟ್ಟುವುದರೊಳಗೆ ನನಗೆ ನಾಚಿಕೆಯಾಯಿತು. ಹಾಲು ಯಾವ ದನದ್ದು, ಕಾಯಿಸಿದ್ದೋ ಹಸಿಯೋ ಎಂಬುದನ್ನು ಪಶುವೈದ್ಯನಲ್ಲದೆ ಮತ್ತ್ಯಾರು ಕೇಳಬೇಕು? ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಇಂದು ಕೊಡುತ್ತೇನೆ.

ಕಡಲೆ ಹಿಟ್ಟು ಛಲೋ. ಹಾಲೂ ಛಲೋ. ಆದರೆ ಹಸಿ ಹಾಲು ಬೇಡ.

ಕಾರಣ ಹೇಳುತ್ತೇನೆ. ದನಗಳಲ್ಲಿ ಕಂದು ರೋಗ ಎಂಬುದೊಂದಿದೆ. ವೈದ್ಯರು ಅದನ್ನು ಬ್ರುಸೆಲ್ಲೋಸಿಸ್ ಎನ್ನುತ್ತಾರೆ. ಗಬ್ಬದ ಆಕಳಾಗಲಿ ಎಮ್ಮೆಯಾಗಲಿ ಆರು ತಿಂಗಳು ದಾಟಿದ ಮೇಲೆ ಕಂದು ಹಾಕಿತು, ಮಾಸು ಬೀಳಲಿಲ್ಲ ಎಂದರೆ ನಮಗೆ ಮೊದಲು ಬರುವ ಸಂಶಯ ಇದೇ. ಒಂದು ಸಲ ಕಂದು ಹಾಕಿದ ದನ ಮುಂದಿನ ಸಲ ದಿನ ತುಂಬಿ ಈಯಬಹುದು. ಮೈ ತುಂಬಿಕೊಂಡು, ಹೊಟ್ಟೆ ತುಂಬ ಮೇದು, ಚೆನ್ನಾಗಿ ಹಾಲನ್ನೂ ಕೊಡಬಹುದು. ನೋಡಿದರೆ ರೋಗವಿದೆ ಎಂದು ಯಾರೂ ಹೇಳಲಾರರು. ಆದರೆ ರೋಗಾಣು ಕೆಚ್ಚಲಲ್ಲಿ ಉಳಿದುಕೊಂಡು ಹಾಲಿನಲ್ಲಿ ಹೊರಗೆ ಬರುತ್ತಲೇ ಇರುತ್ತದೆ. ಅದು ಮನುಷ್ಯರಿಗೆ ಹಸಿ ಹಾಲು ಕುಡಿಯುವುದರಿಂದ ಅಂಟುತ್ತದೆ. ಗಾಯವಾದ ಚರ್ಮದಿಂದ, ಕಣ್ಣಿನಿಂದಲೂ ಅಂಟುತ್ತದೆ. ಮುಖಕ್ಕೆ ಲೇಪ ಹಚ್ಚುವವರು ಎಲ್ಲಿ ಹಚ್ಚುತ್ತಾರೆ? ಒಡೆದ ಮೊಡವೆಯ ಮೇಲೆ, ಕಣ್ಣಿನ ಕೆಳಗೆ, ತುಟಿಯ ಸುತ್ತ. ಹಚ್ಚಿ ಸುಮ್ಮನಿರದೆ ತಿಕ್ಕುತ್ತಾರೆ ಕೂಡ.

ಇದು ಪುಸ್ತಕದ ಮಾತಲ್ಲ, ನಾನೇ ಅನುಭವಿಸಿದ್ದು. 2009ರ ಮಳೆಗಾಲದಲ್ಲಿ ಒಂದು ಎಮ್ಮೆಯ ಮಾಸು ತೆಗೆಯುವಾಗ ಉದ್ದನೆಯ ಕೈಗವಸು ಹರಿಯಿತು. ಬೇರೆ ಗವಸು ಜೀಪಿನಲ್ಲಿತ್ತು, ಜೀಪು ಒಂದು ಫರ್ಲಾಂಗು ದೂರವಿತ್ತು. ಅಷ್ಟು ದೂರ ಯಾರು ನಡೆಯಬೇಕೆಂದು ಬರಿಗೈಯಲ್ಲೇ ಕೆಲಸ ಮುಗಿಸಿದೆ. ಮೊಣಕೈ ಹತ್ತಿರ ಒಂದು ತರಚು ಗಾಯವಿತ್ತು. ಸುಮಾರು ಒಂದು ತಿಂಗಳಾದ ಮೇಲೆ ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಸೊಂಟ ಕೀಲುಗಳಲ್ಲಿ ನೋವು. ಬೆಳಿಗ್ಗೆ ಏನೂ ಇಲ್ಲದವನಂತೆ ಏಳುತ್ತಿದ್ದೆ. ಟೈಫಾಯ್ಡ್ ಎಂದು ಮೂರು ವಾರ ಔಷಧ ನುಂಗಿದೆ. ಕೊನೆಗೆ ನಾನೇ ಹೇಳಿ ರಕ್ತ ಪರೀಕ್ಷೆ ಮಾಡಿಸಿದಾಗ ಬ್ರುಸೆಲ್ಲಾ ಎಂದು ಗೊತ್ತಾಯಿತು. ಎರಡು ಬಗೆಯ ಮಾತ್ರೆಗಳನ್ನು ಪೂರಾ ಆರು ವಾರ ತೆಗೆದುಕೊಂಡೆ. ಸೊಂಟ ಇಂದಿಗೂ ಥಂಡಿ ದಿನಗಳಲ್ಲಿ ನೆನಪು ಮಾಡಿಕೊಡುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಜ್ವರ ವಾರಗಟ್ಟಲೆ ಬಿಡದಿದ್ದರೆ, "ನಾವು ದನ ಕಟ್ಟಿದ್ದೇವೆ" ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಆ ಸಂಶಯವೇ ಬರಲಿಕ್ಕಿಲ್ಲ.

ಹಾಲು ಉಕ್ಕಿ ಬರುವಂತೆ ಕಾಯಿಸಿದರೆ ಈ ರೋಗಾಣು ಸಾಯುತ್ತದೆ, ಕ್ಷಯದ ರೋಗಾಣುವೂ ಸಾಯುತ್ತದೆ. ನಂದಿನಿ ಪೊಟ್ಟಣದ ಹಾಲು ಪಾಶ್ಚರೀಕರಿಸಿದ್ದು, ಅದರ ಭಯವಿಲ್ಲ. ಅಪಾಯವಿರುವುದು ನಮ್ಮ ಕೊಟ್ಟಿಗೆಯ ಚರಿಗೆಯಲ್ಲಿ. ಕುಡಿಯುವ ಹಾಲನ್ನು ನೀವು ತಪ್ಪದೆ ಕಾಯಿಸುತ್ತೀರಿ. ಮಾರಿಗೆ ಹಚ್ಚುವಾಗ, ಕೂಸಿಗೆ ಹಾಲು ಕಡಲೆ ಹಿಟ್ಟು ಹಚ್ಚಿ ಎರೆಯುವಾಗ ಮಾತ್ರ ಹಿಂಡಿದ ಹಾಲನ್ನೇ ಬಗ್ಗಿಸಿಕೊಳ್ಳುತ್ತೀರಿ. "ಹಸಿ ಹಾಲಿನಲ್ಲಿ ಸತ್ವ ಜಾಸ್ತಿ" ಎಂಬುದು ನಂಬಿಕೆ. ಚರ್ಮವನ್ನು ಮೆತ್ತಗೆ ಮಾಡುವುದು ಹಾಲಿನ ಜಿಡ್ಡು. ಕಾಯಿಸಿದರೆ ಜಿಡ್ಡು ಎಲ್ಲಿಗೂ ಹೋಗುವುದಿಲ್ಲ, ಕೆನೆಯಾಗಿ ಮೇಲೆ ಬಂದು ಕೂರುತ್ತದೆ.

ಇನ್ನು ಹಚ್ಚುವ ಬಗೆ. ನಮ್ಮ ಕಡೆ ಚಳಿಗಾಲದ ಒಣ ಗಾಳಿಗೆ ಮುಖ, ಕೈ ಒಡೆಯುತ್ತವೆ. ಅಂಥವರು ಕಾಯಿಸಿ ಆರಿಸಿದ ಹಾಲಿನ ಕೆನೆ ಒಂದು ಚಮಚ, ನುಣ್ಣಗೆ ಬೀಸಿದ ಕಡಲೆ ಹಿಟ್ಟು ಅರ್ಧ ಚಮಚ ಕಲಸಿಕೊಳ್ಳಿ. ಎಮ್ಮೆಯ ಹಾಲಿನಲ್ಲಿ ಜಿಡ್ಡು ಆಕಳ ಹಾಲಿಗಿಂತ ಹೆಚ್ಚಿರುವುದರಿಂದ ಅದರ ಕೆನೆ ಇದಕ್ಕೆ ಹೇಳಿ ಮಾಡಿಸಿದ್ದು. ದೇವಣಿ ಆಕಳು ಕಟ್ಟಿದವರು ಬೇಸರಪಡಬೇಡಿ, ನಿಮ್ಮ ಹಾಲಿನ ಕೆನೆಯೂ ಆಗುತ್ತದೆ, ಎರಡು ಹನಿ ಕೊಬ್ಬರಿ ಎಣ್ಣೆ ಸೇರಿಸಿಕೊಳ್ಳಿ. ಮುಖದಲ್ಲಿ ಎಣ್ಣೆ ಜಿನುಗುವ ಹುಡುಗಿಯರು ಕೆನೆ ಬಿಟ್ಟು, ಎರಡು ಚಮಚ ಕಡಲೆ ಹಿಟ್ಟನ್ನು ಸಾಕಷ್ಟು ಮೊಸರಿನಲ್ಲಿ ಕಲಸಲಿ. ಮೊಸರು ಕಾಯಿಸಿದ ಹಾಲಿನದೇ ಇರಬೇಕು. ಹಸಿ ಹಾಲಿಗೆ ಹೆಪ್ಪು ಹಾಕಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಕಡಲೆ ಹಿಟ್ಟಿಲ್ಲದಿದ್ದರೆ ಹೆಸರು ಹಿಟ್ಟು ನಡೆಯುತ್ತದೆ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆರೆತ ಬಂದರೆ ಅದು ನಿಮಗೆ ಒಗ್ಗುವುದಿಲ್ಲ. ಹಚ್ಚಿ ಹತ್ತು ಹದಿನೈದು ನಿಮಿಷವಾದ ಮೇಲೆ, ಪೂರಾ ಒಣಗುವ ಮುಂಚೆಯೇ ನೀರು ಹಾಕಿ ತೊಳೆಯಿರಿ. ಒಣಗಿದ್ದನ್ನು ತಿಕ್ಕಿ ಕೆಡವಿದರೆ ಚರ್ಮ ತರಚುತ್ತದೆ. ವಾರಕ್ಕೊಂದು ಸಲ ಸಾಕು.

ಅರಿಷಿಣ ಚಿಟಿಕೆಯಷ್ಟು ಹಾಕಬಹುದು. ಮದುವೆ ಮನೆಯಲ್ಲಿ ಮದುಮಗಳಿಗೆ ಹಚ್ಚುವ ಅರಿಷಿಣವನ್ನು ಬೇಡ ಎನ್ನಲು ನಾನು ಯಾರು? ಆದರೆ ಕಣ್ಣು ಕುಕ್ಕುವಷ್ಟು ಹಳದಿಯಾದ ಬಿಡಿ ಪುಡಿಯನ್ನು ಕೊಳ್ಳಬೇಡಿ. ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ, ಅದು ವಿಷ. ಅರಿಷಿಣ ಕೊಂಬು ತಂದು ಮನೆಯಲ್ಲೇ ಕುಟ್ಟಿಕೊಳ್ಳಿ.

ಲಿಂಬೆ ರಸ ಬೇಡವೇ ಬೇಡ. ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳುತ್ತದೆ. ತೊಗರಿ ಹೊಲದಲ್ಲಿ ದಿನವಿಡೀ ನಿಲ್ಲುವ ನಿಮಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಅಡಿಗೆ ಸೋಡಾ ಕೂಡ ಬೇಡ.

ಇವುಗಳಲ್ಲಿ ಯಾವುದೂ ಬಣ್ಣ ಬಿಳಿ ಮಾಡುವುದಿಲ್ಲ. ಚರ್ಮ ಮೆತ್ತಗಾಗುತ್ತದೆ, ಧೂಳು ಎಣ್ಣೆ ಹೋಗುತ್ತದೆ, ಅಷ್ಟೇ. ಬಿಳಿ ಮಾಡುತ್ತೇವೆಂದು ಸಂತೆಯಲ್ಲಿ ಮಾರುವ ಕ್ರೀಮುಗಳ ಕಥೆ ಬೇರೆ. ಕೆಲವದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಎಂಟು ದಿನದಲ್ಲಿ ಮುಖ ಹೊಳೆಯುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪೇರುತ್ತದೆ, ಬಿಟ್ಟರೆ ಉರಿಯುತ್ತದೆ. ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ, ಆದರೂ ಕೈಗೆ ಸಿಗುತ್ತವೆ. ಇನ್ನು ಕೆಲವದರಲ್ಲಿ ಪಾದರಸ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ರೋಗ ಬಂದದ್ದನ್ನು ವೈದ್ಯರು ಗುರುತಿಸಿದರು. ತಯಾರಿಸಿದವರ ಹೆಸರು, ವಿಳಾಸ ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ.

ಲೇಪವನ್ನು ಸಂಜೆ ಸಂಘಕ್ಕೆ ಹಾಲು ಹಾಕಿ ಬಂದ ಮೇಲೆ ಹಚ್ಚಿಕೊಳ್ಳಿ. ಹಿಂಡುವ ಮುಂಚೆ ಬೇಡ. ಹಾಲು ವಾಸನೆಯನ್ನು ಬೇಗ ಹೀರುತ್ತದೆ, ಅರಿಷಿಣ ಕೈಯಲ್ಲಿ ಹಿಂಡಿದರೆ ಚರಿಗೆಗೂ ಬಣ್ಣ ಬರುತ್ತದೆ. ಉಳಿದ ಕೆನೆಯನ್ನು ಒಡೆದ ಕೈಗಳಿಗೆ ಹಚ್ಚಿ ಮಲಗಿ, ಬೆಳಿಗ್ಗೆ ಸಾಬೂನಿನಿಂದ ತೊಳೆದು ಒರೆಸಿ ಹಿಂಡಲು ಕೂರಿ. ಕೈಯ ಬಿರುಕಿನಲ್ಲಿ ಕೂತ ಕ್ರಿಮಿಗಳೇ ಮೊಲೆತೊಟ್ಟಿಗೆ ಹೋಗಿ ಕೆಚ್ಚಲು ಬಾವು ತರುತ್ತವೆ. ಕಳೆದ ಸಲ ಇದನ್ನು ಹೇಳಲು ಮರೆತಿದ್ದೆ.

ಅಣ್ಣಂದಿರಿಗೂ ಒಂದು ಕೆಲಸವಿದೆ. ದನ ಕಂದು ಹಾಕಿದರೆ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ತಿಪ್ಪೆಗೆ ಎಸೆಯಬೇಡಿ, ನಾಯಿಗೆ ಬಿಡಬೇಡಿ. ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ, 1962ಕ್ಕೆ ಫೋನು ಮಾಡಿ. ಕಂದು ರೋಗಕ್ಕೆ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದನ್ನು ದುಡ್ಡಿಲ್ಲದೆ ಹಾಕುತ್ತಾರೆ. ಆದರೆ ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ. ಆ ವಯಸ್ಸು ದಾಟಿದ ಮೇಲೆ ಕರು ಹೊಡೆದುಕೊಂಡು ಬಂದರೆ ನಾನು ಏನೂ ಮಾಡಲಾರೆ. ಅಂಥ ಕರುಗಳಿದ್ದವರು ಹೋಗುವಾಗ ಸಂಘದ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ ಹೋಗಿ.