ಸೈಕಲ್ ಸವಾರರ ನಂಬರಿನ ಗಾಗಲ್



ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸುತ್ತಿನ ನಮ್ಮ ಹಳ್ಳಿಗಳ ಬಿಸಿಲು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬೆಳೆ ತೆಗೆದ ಮೇಲೆ ನೆರಳೆಂಬುದು ದಾರಿಬದಿಯ ಬೇವಿನ ಗಿಡದ ಬುಡದಲ್ಲಿ ಮಾತ್ರ. ಎಲ್ಲರ ಮನೆಗೂ ಮೋಟಾರ್ ಸೈಕಲ್ ಬಂದಿದೆ ಎನ್ನುತ್ತಾರೆ. ಆದರೂ ಸೈಕಲ್ ತುಳಿಯುವವರು ಇದ್ದೇ ಇದ್ದಾರೆ. ಹಾಲು ಹಾಕುವವರು, ಹೊಲಕ್ಕೆ ಹೋಗುವವರು, ಶಾಲೆಯ ಹುಡುಗ ಹುಡುಗಿಯರು. ಈಚೆಗೆ ಡಾಕ್ಟರ ಮಾತಿಗೆ ಸಕ್ಕರೆ ಕಾಯಿಲೆಯ ಹಿರಿಯರೂ ಸೈಕಲ್ ಹತ್ತಿದ್ದಾರೆ. ಇವರಲ್ಲಿ ಚಷ್ಮಾ ಇದ್ದವರದು ಒಂದೇ ತಕರಾರು: ಗಾಗಲ್ ಹಾಕಿದರೆ ನಂಬರು ಹೋಯಿತು, ನಂಬರು ಹಾಕಿದರೆ ಬಿಸಿಲು ಬಂತು.

ನಂಬರಿನ ಗಾಗಲ್ ಮಾಡಿಸಿದರಾಯಿತಲ್ಲ ಎನ್ನಬಹುದು. ಮಾಡಿಸಬಹುದು. ಆದರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಕೆಲವು ಮಾತು ತಿಳಿದಿರಬೇಕು.

ಮೊದಲನೆಯದಾಗಿ, ಕಪ್ಪು ಬಣ್ಣವೇ ರಕ್ಷಣೆಯಲ್ಲ. ಕಣ್ಣಿಗೆ ಹಾನಿ ಮಾಡುವುದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ವರ್ಷಾನುಗಟ್ಟಲೆ ಬಿಸಿಲಲ್ಲಿ ದುಡಿದವರಿಗೆ ಕಣ್ಣಿನ ಮೂಲೆಯಿಂದ ಕರಿಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯುತ್ತದೆ, ನೋಡಿರುತ್ತೀರಿ. ಬಿಸಿಲು, ಧೂಳು, ಗಾಳಿ ಅದಕ್ಕೆ ಕಾರಣ. ಮೋತಿಬಿಂದುವಿಗೂ ಈ ಕಿರಣ ಒಂದು ಕಾರಣವೇ. ಜಾತ್ರೆಯಲ್ಲಿ ಮಾರುವ ಕರ್ರಗಿನ ಗಾಗಲ್ ಕಣ್ಣಿಗೆ ತಂಪೆನಿಸುತ್ತದೆ. ಕತ್ತಲಾಯಿತೆಂದು ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ. ಲೆನ್ಸ್ ಕಿರಣವನ್ನು ತಡೆಯುವಂಥದ್ದಲ್ಲದಿದ್ದರೆ ಆ ತೆರೆದ ಬಾಗಿಲಿನಿಂದ ಅದು ಒಳಗೆ ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ‘ಯುವಿ 400’ ಇದೆಯೇ ಎಂದು ಕೇಳಿ. 400 ನ್ಯಾನೋಮೀಟರಿನವರೆಗಿನ ಕಿರಣವನ್ನು ತಡೆಯುತ್ತದೆಂದು ಅದರ ಅರ್ಥ. ಬಣ್ಣವೇ ಇಲ್ಲದ ಬಿಳಿ ಲೆನ್ಸಿನಲ್ಲಿಯೂ ಈ ಗುಣ ಇರಬಹುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದೆ ಎಂದು ಅಂಗಡಿಯವರು ಹೇಳಿದರೆ ನಂಬುವುದು ಹೇಗೆ? ದೊಡ್ಡ ಅಂಗಡಿಗಳಲ್ಲಿ ಅಳೆಯುವ ಯಂತ್ರವಿರುತ್ತದೆ. ಇಲ್ಲದಿದ್ದರೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಂದ ನನಗೆ ಗೊತ್ತಿರುವ ಒಂದು ಉಪಾಯ ಹೇಳುತ್ತೇನೆ. ಖೋಟಾ ನೋಟು ಪರೀಕ್ಷಿಸುವ ನೇರಳೆ ದೀಪ ಇರುತ್ತದಲ್ಲ, ಅದರಿಂದ ಬರುವುದು ಇದೇ ಅತಿನೇರಳೆ ಕಿರಣ. ಈಗ ಕಿರಾಣಿ ಅಂಗಡಿಗಳಲ್ಲಿಯೂ ಅದು ಸಿಗುತ್ತದೆ. ಅದರ ಕೆಳಗೆ ನೋಟು ಹಿಡಿದರೆ ಸಂಖ್ಯೆ ಮುದ್ರಿಸಿದ ಜಾಗ ಮತ್ತು ಕಾಗದದೊಳಗಿನ ಸಣ್ಣ ಎಳೆಗಳು ಹೊಳೆಯುತ್ತವೆ. ದೀಪಕ್ಕೂ ನೋಟಿಗೂ ನಡುವೆ ಚಷ್ಮಾದ ಲೆನ್ಸನ್ನು ಅಡ್ಡ ಹಿಡಿಯಿರಿ. ಲೆನ್ಸಿನ ನೆರಳು ಬಿದ್ದಲ್ಲಿ ಹೊಳಪು ಆರಿಹೋದರೆ ಒಳ್ಳೆಯ ಲಕ್ಷಣ. ಎಳೆಗಳು ಇನ್ನೂ ಹೊಳೆಯುತ್ತಿದ್ದರೆ ಲೆನ್ಸ್ ಎಷ್ಟು ಕಪ್ಪಿದ್ದರೂ ಬಿಟ್ಟುಬಿಡಿ. ದೀಪವನ್ನು ಮಾತ್ರ ನೇರವಾಗಿ ನೋಡಬಾರದು. ಇದು ಪ್ರಯೋಗಶಾಲೆಯ ಪರೀಕ್ಷೆಯಲ್ಲ. ಪೂರಾ ಮೋಸವನ್ನು ಹಿಡಿಯಲು ಸಾಕು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಸಾದಾ ಗಾಗಲನ್ನು ಸಂಜೆ ತೆಗೆದು ಕಿಸೆಯಲ್ಲಿ ಇಡಬಹುದು. ನಂಬರಿನ ಗಾಗಲನ್ನು ಹಾಗೆ ತೆಗೆಯಲು ಬರುವುದಿಲ್ಲ. ತೆಗೆದರೆ ಕಪ್ಪಿನ ಜೊತೆಗೆ ನಂಬರೂ ಹೋಗುತ್ತದೆ. ನನ್ನ ಪರಿಚಯದ ಹಾಲಿನವರೊಬ್ಬರು ಮೈನಸ್ ಮೂರರ ನಂಬರಿನವರು. ಊರಿಗೆ ಮರಳುವಾಗ ಕತ್ತಲಾಯಿತು. ಗಾಗಲ್ ಹಾಕಿಕೊಂಡರೆ ದಾರಿ ಕಾಣದು, ತೆಗೆದರೆ ದಾರಿ ಮಸುಕು. ಮೋರಿಯ ಪಕ್ಕದ ತಗ್ಗಿಗೆ ಮುಂದಿನ ಗಾಲಿ ಇಳಿಯಿತು, ಮುಂಗೈ ಮುರಿಯಿತು. ಹಾಲಿನ ಕ್ಯಾನುಗಳ ಮಾತು ಬೇರೆ. ಅರವತ್ತು ದಾಟಿದವರು ಹೀಗೆ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಮನೆಯವರೆಲ್ಲ ಹಾಸಿಗೆಯ ಪಕ್ಕದಲ್ಲಿ ಕೂಡಬೇಕಾಗುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಹೀಗಿದೆ. ಬೆಳಿಗ್ಗೆ ಹೊರಟು ಸಂಜೆ ಮರಳುವವರು ನಂಬರನ್ನೂ ಕಪ್ಪನ್ನೂ ಒಂದೇ ಲೆನ್ಸಿನಲ್ಲಿ ಸೇರಿಸದಿರುವುದೇ ಲೇಸು. ಕಿರಣ ತಡೆಯುವ ಬಿಳಿ ಲೆನ್ಸಿನ ಚಷ್ಮಾ ಮಾಡಿಸಿ, ಅದರ ಮೇಲೆ ಸಿಕ್ಕಿಸುವ ಕ್ಲಿಪ್ಪಿನ ಗಾಗಲ್ ಕೊಳ್ಳಿ. ಮೇಲಕ್ಕೆ ಎತ್ತುವಂಥ ಕ್ಲಿಪ್ಪೂ ಇದೆ. ಹ್ಯಾಂಡಲ್ ಒಂದು ಕೈಯಲ್ಲಿದ್ದಾಗಲೂ ಎತ್ತಬಹುದು. ನೋಡಲು ಚೆಂದವಿಲ್ಲ ಎಂದು ಹುಡುಗರು ನಗುತ್ತಾರೆ, ನಗಲಿ. ಹಗಲಲ್ಲಿ ಹೋಗಿ ಹಗಲಲ್ಲೇ ಮರಳುವವರು ಬೇಕಾದರೆ ನಂಬರಿನ ಗಾಗಲ್ ಮಾಡಿಸಲಿ, ಬಿಳಿ ಚಷ್ಮಾವನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡೇ ಹೊರಡಲಿ.

ಬಿಸಿಲಿಗೆ ತಾನೇ ಕಪ್ಪಾಗಿ ನೆರಳಿಗೆ ತಾನೇ ಬಿಳಿಯಾಗುವ ಲೆನ್ಸ್ ಬಂದಿದೆಯಲ್ಲ ಎಂದು ನೀವು ಕೇಳಬಹುದು. ಒಳ್ಳೆಯದೇ. ಆದರೆ ಕಪ್ಪಾಗಲು ಅರ್ಧ ನಿಮಿಷವಾದರೆ ಬಿಳಿಯಾಗಲು ಹಲವು ನಿಮಿಷ ಬೇಕು. ಬಿಸಿಲಿನಿಂದ ಹುಣಸೆ ಮರಗಳ ದಟ್ಟ ನೆರಳಿಗೆ ಸೈಕಲ್ ಹೊಕ್ಕಾಗ ಲೆನ್ಸ್ ಇನ್ನೂ ಕಪ್ಪಾಗಿಯೇ ಇರುತ್ತದೆ. ಇನ್ನೊಂದು ಮಾತು ಜಾಹೀರಾತಿನಲ್ಲಿ ಹೇಳುವುದಿಲ್ಲ. ಈ ಲೆನ್ಸ್ ಚಳಿಯಲ್ಲಿ ಚೆನ್ನಾಗಿ ಕಪ್ಪಾಗುತ್ತದೆ, ಕಾದ ಗಾಳಿಯಲ್ಲಿ ಕಡಿಮೆ. ನಮ್ಮ ಮೇ ತಿಂಗಳಲ್ಲಿ, ಬೇಕೇಬೇಕಾದ ಹೊತ್ತಿನಲ್ಲಿ, ಅದು ಸ್ವಲ್ಪ ಸೋಲುತ್ತದೆ.

ಎರಡನೆಯ ಅಪಾಯ ನಮ್ಮಂಥ ಹಿರಿಯರಿಗೆ. ಕನ್ನಡದಲ್ಲಿ ಚಾಳೀಸು, ಮರಾಠಿಯಲ್ಲಿ ಚಾಳಿಶಿ ಅನ್ನುತ್ತೇವೆ. ನಲವತ್ತಕ್ಕೆ ಬರುವುದರಿಂದ ಆ ಹೆಸರು. ದೂರದ್ದು ಮೇಲೆ, ಓದುವುದು ಕೆಳಗೆ ಇರುವ ಚಷ್ಮಾವನ್ನೇ ಬಹಳ ಜನ ಸೈಕಲ್ ಮೇಲೂ ಹಾಕುತ್ತಾರೆ. ಕೆಳಗಿನ ಭಾಗ ಒಂದು ಮೊಳದೊಳಗೆ ಹಿಡಿದ ಪತ್ರಿಕೆಗೆ ಹೊಂದಿಸಿದ್ದು. ನೆಟ್ಟಗೆ ಕೂತು ಸೈಕಲ್ ಹೊಡೆಯುವವರು ಎರಡು ಮಾರು ಮುಂದಿನ ನೆಲವನ್ನು ಕಣ್ಣು ಇಳಿಸಿ ನೋಡಿದಾಗ, ನೋಟ ಆ ಓದುವ ಭಾಗದಿಂದಲೇ ಹೋಗುತ್ತದೆ. ತಗ್ಗು, ಕಲ್ಲು, ಮರಳು ಎಲ್ಲಾ ಮಸುಕು. ಸೈಕಲ್ಲಿಗೆಂದು ಮಾಡಿಸುವ ಚಷ್ಮಾ ಬಿಳಿಯಿರಲಿ ಕಪ್ಪಿರಲಿ, ಅದರಲ್ಲಿ ದೂರದ ನಂಬರು ಮಾತ್ರ ಇರಬೇಕು. ಡಾಕ್ಟರ ಚೀಟಿಯಲ್ಲಿ ‘ಡಿ.ವಿ.’ ಎಂದಿರುವ ಸಾಲು ದೂರದ್ದು, ‘ಎನ್.ವಿ.’ ಹತ್ತಿರದ್ದು. ಅಂಗಡಿಯವರಿಗೆ ಮರಾಠಿಯಲ್ಲಿಯೇ ‘ಫಕ್ತ ಲಾಂಬಚಾ ನಂಬರ’ ಎಂದು ಖಚಿತವಾಗಿ ಹೇಳಿ. ಎರಡು ಪಾಪೆಗಳ ನಡುವಿನ ಅಂತರವನ್ನು ನಿಮ್ಮ ಎದುರಿಗೇ ಅಳೆಯಲಿ.

ನಂಬರು ಹೊಸದಿರಬೇಕು. ಸಕ್ಕರೆ ಏರಿಳಿತವಿದ್ದಾಗ ನಂಬರೂ ಏರಿಳಿಯುತ್ತದೆ. ಹತೋಟಿಗೆ ಬಂದ ಮೇಲೆ ತೆಗೆಸಿ. ಮೋತಿಬಿಂದುವಿನ ಆಪರೇಶನ್ ಆದವರು ಡಾಕ್ಟರು ಕೊನೆಯ ನಂಬರು ಕೊಡುವವರೆಗೆ, ಸಾಮಾನ್ಯವಾಗಿ ತಿಂಗಳು ಒಂದೂವರೆ ತಿಂಗಳು, ಕಾಯಬೇಕು. ಶಿಬಿರದಲ್ಲಿ ಕೊಟ್ಟ ಕಪ್ಪು ಚಷ್ಮಾದಲ್ಲಿ ನಂಬರು ಇರುವುದಿಲ್ಲ, ಅದನ್ನು ಹಾಕಿಕೊಂಡು ಸೈಕಲ್ ಹತ್ತಬೇಡಿ.

ಲೆನ್ಸ್ ಗಾಜಿನದು ಬೇಡ. ಬಿದ್ದರೆ ಚೂರು ಕಣ್ಣಿಗೇ ಬರುತ್ತದೆ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಸುಲಭವಾಗಿ ಒಡೆಯುವುದಿಲ್ಲ, ಹಗುರ, ಅತಿನೇರಳೆಯನ್ನು ತಾನಾಗಿಯೇ ತಡೆಯುತ್ತದೆ. ಗೀರು ಮಾತ್ರ ಬೇಗ ಬೀಳುತ್ತದೆ, ಅದಕ್ಕೆ ಮೇಲೆ ಗಟ್ಟಿ ಲೇಪ ಹಾಕಿಸಬೇಕು. ಹಣ ಕಡಿಮೆಯಿದ್ದರೆ ಫ್ರೇಮಿನಲ್ಲಿ ಉಳಿಸಿ, ಲೆನ್ಸಿನಲ್ಲಿ ಉಳಿಸಬೇಡಿ.

ಬಣ್ಣದಲ್ಲಿ ಕಂದು ಅಥವಾ ಬೂದು ಆರಿಸಿ. ಕಂದು ಬಣ್ಣದಲ್ಲಿ ರಸ್ತೆಯ ತಗ್ಗುದಿನ್ನೆ ಎದ್ದು ಕಾಣುತ್ತದೆ, ಬೂದಿನಲ್ಲಿ ಬಣ್ಣಗಳು ಇದ್ದಂತೆ ಕಾಣುತ್ತವೆ. ಮೂರನೆಯ ದರ್ಜೆಯ ಕಪ್ಪು ನೂರಕ್ಕೆ 8ರಿಂದ 18 ಪಾಲು ಬೆಳಕು ಬಿಡುತ್ತದೆ; ನಡು ಹಗಲಿಗೆ ಅದು ಸಾಕು. ನಾಲ್ಕನೆಯ ದರ್ಜೆಯದು 3ರಿಂದ 8 ಪಾಲು ಮಾತ್ರ ಬಿಡುವುದರಿಂದ ವಾಹನ ನಡೆಸುವವರಿಗೆ ಅದು ಸಲ್ಲದು. ಪೋಲರೈಸ್ಡ್ ಎಂಬ ಲೆನ್ಸ್ ಟಾರು ರಸ್ತೆಯ ಝಳಪನ್ನು ತೆಗೆಯುತ್ತದೆ. ಆದರೆ ಆ ಝಳಪಿನಿಂದಲೇ ರಸ್ತೆಯ ಮೇಲಿನ ಎಣ್ಣೆ, ನೀರು ನಮಗೆ ಗೊತ್ತಾಗುವುದು. ಸೈಕಲ್ಲಿಗೆ ಅದು ಬೇಕೇಬೇಕೆಂದು ನನಗೆ ಅನ್ನಿಸುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಹೋಗುವಾಗ ರವದಿಯ ಚೂರು, ಧೂಳು ಬದಿಯಿಂದ ಬರುತ್ತದೆ. ಆದ್ದರಿಂದ ಫ್ರೇಮು ಮುಖಕ್ಕೆ ಸ್ವಲ್ಪ ಬಾಗಿ ಕೂಡಬೇಕು. ಬಹಳ ಬಾಗಿದ್ದರೆ ಹೆಚ್ಚು ನಂಬರಿನ ಲೆನ್ಸ್ ಅದರಲ್ಲಿ ಸರಿಯಾಗಿ ಕೂಡುವುದಿಲ್ಲ, ಅಂಚಿನಲ್ಲಿ ದಾರಿ ವಕ್ರವಾಗಿ ಕಾಣುತ್ತದೆ. ನಾಲ್ಕಕ್ಕಿಂತ ಹೆಚ್ಚಿನ ನಂಬರಿನವರು ಆ ಆಸೆ ಬಿಟ್ಟು, ಚಷ್ಮಾದ ಮೇಲೆಯೇ ಹಾಕುವ ದೊಡ್ಡ ಗಾಗಲ್ ನೋಡಲಿ.

ಇನ್ನು ನಿಮ್ಮ ದಾರಿಯ ದಿಕ್ಕು ನೋಡಿ. ಅಕ್ಕಲಕೋಟೆಯ ಕಡೆಯಿಂದ ಸೊಲ್ಲಾಪುರದತ್ತ ಬೆಳಿಗ್ಗೆ ಹೋಗಿ ಸಂಜೆ ಮರಳುವವರಿಗೆ ಸೂರ್ಯ ಎರಡೂ ಹೊತ್ತು ಬೆನ್ನಿಗೆ. ಜತ್ತದಿಂದ ವಿಜಯಪುರದ ರಸ್ತೆ ಹಿಡಿಯುವವರಿಗೆ ಎರಡೂ ಹೊತ್ತು ಮುಖಕ್ಕೆ. ಕೆಳಗಿಳಿದ ಸೂರ್ಯನಿಗೆ ಯಾವ ಗಾಗಲ್ಲೂ ಪೂರ್ತಿ ಸಾಲದು. ಮುಂದೆ ಅಂಚಿರುವ ಟೊಪ್ಪಿಗೆ ಬೇಕು. ಶಾಲೆಯ ಮಕ್ಕಳಿಗೂ ಮೊದಲು ಅದನ್ನೇ ಕೊಡಿಸಿ.

ಮನೆಗೆ ಬಂದ ಮೇಲೆ ಧೋತರದ ಅಂಚಿನಿಂದಲೋ ಸೆರಗಿನಿಂದಲೋ ಒಣ ಧೂಳನ್ನು ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ನೀರು ಹಾಕಿ ತೊಳೆದು, ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಡಬ್ಬಿಯಲ್ಲಿ ಇಡಿ.